ನಾನು ಇಟ್ಟ ಪಾಸ್‌ವರ್ಡ್

ಮಾಸ್ಟ್ರ ಬಲಗೈ ಹೆಬ್ಬೆರಳಿನ ಉಗುರು ಉಳಿದ ಒಂಬತ್ತಕ್ಕಿಂತ ಉದ್ದ. ಬೇಕೆಂದೇ ಬೆಳೆಸಿದ್ದರು. ಕೀಬೋರ್ಡಿನಲ್ಲಿ ಸಿಕ್ಕಿಕೊಂಡ ಗುಂಡಿಯನ್ನು ಅದರಿಂದಲೇ ಎಬ್ಬಿಸುವರು, ಪ್ರಿಂಟರಿನ ಹೊಟ್ಟೆಯೊಳಗಿನ ಕಾಗದದ ಚೂರನ್ನು ಅದರಿಂದಲೇ ಎಳೆಯುವರು. ಒಂದು ಮಧ್ಯಾಹ್ನ, ಅಂಗಡಿ ತುಂಬ ಕಾಲೇಜು ಮಕ್ಕಳು ನಿಂತಿರುವಾಗ, ಅದೇ ಹೆಬ್ಬೆರಳನ್ನು ಬಾಗಿಲಿನ ಕಡೆ ತೋರಿಸಿ ನನಗೆ ಹೇಳಿದರು: "ನಿನ್ನಿಂದ ಆಗ್ಲಿಕ್ಕಿಲ್ಲ." ಆ ಮಾತನ್ನು ನಾಲ್ಕು ಜನರ ಎದುರು ಅವರ ಬಾಯಿಂದಲೇ ಹಿಂದೆ ತೆಗೆಸಬೇಕೆಂದು ನಾನು ಆರು ವರ್ಷ ಕಾದಿದ್ದೇನೆ.

ಮೂಡುಬಿದಿರೆಯಲ್ಲಿ ಅವರದು ಜೆರಾಕ್ಸ್ ಮತ್ತು ಟೈಪಿಂಗ್ ಅಂಗಡಿ, ಹಿಂದೆಯೇ ಮನೆ. ಮೊದಲು ಟೈಪ್‌ರೈಟಿಂಗ್ ಕ್ಲಾಸು ನಡೆಸುತ್ತಿದ್ದರಿಂದ ಮಾಸ್ಟ್ರು ಎಂಬ ಹೆಸರು ಉಳಿದಿತ್ತು. ಪಿಯುಸಿ ಮುಗಿಸಿ ಸಿದ್ಧಕಟ್ಟೆಯಿಂದ ಬಸ್ಸು ಹತ್ತಿ ಹೋದ ನನ್ನನ್ನು ಮೊದಲ ದಿನವೇ ಕೂರಿಸಿ, ಎರಡೂ ಕೈಗಳ ಮೇಲೆ ತಮ್ಮ ಹೆಗಲಿನ ಬೈರಾಸು ಹೊದೆಸಿ, ಒಂದೇ ಸಾಲನ್ನು ಮೂವತ್ತು ಸಲ ಹೊಡೆಸಿದರು. ಕೈ ಕಾಣಬಾರದು, ಬೆರಳಿಗೆ ಜಾಗ ಗೊತ್ತಿರಬೇಕು ಎಂಬುದು ಅವರ ಕ್ರಮ. ಕಂಪ್ಯೂಟರಿನ ಹೊಟ್ಟೆ ಬಿಚ್ಚಲು ಕಲಿಸಿದ್ದೂ ಅವರೇ. ಇಷ್ಟನ್ನು ಒಪ್ಪಿಕೊಂಡೇ ಬೈಯುತ್ತೇನೆ.

ಅಂಗಡಿಯಲ್ಲಿ ಒಂದು ದೊಡ್ಡ ಕಂಪ್ಯೂಟರು, ಮೂರು ಸಣ್ಣವು. ಮಕ್ಕಳ ಪ್ರಾಜೆಕ್ಟುಗಳೆಲ್ಲ ದೊಡ್ಡದರ ಒಂದು ಫೋಲ್ಡರಿನಲ್ಲಿ ಇರುತ್ತಿದ್ದವು. ಅದನ್ನು ಉಳಿದ ಮೂರರಿಂದಲೂ ಯಾರು ಬೇಕಾದರೂ ತೆರೆಯಬಹುದಿತ್ತು. ಪಾಸ್‌ವರ್ಡ್ ಎಂದರೆ ಮಾಸ್ಟ್ರಿಗೆ ಆಗದು. "ಬೀಗ ಹಾಕಿದ್ರೆ ಕೀ ಹುಡುಕುವುದೇ ಒಂದು ಕೆಲಸ ಮಾರಾಯ್ತಿ" ಎನ್ನುವರು. ಒಂದು ಸಲ ಯಾರೋ ಕೈತಪ್ಪಿ ಮತ್ತೊಬ್ಬರ ಇಡೀ ಪ್ರಾಜೆಕ್ಟನ್ನು ಅಳಿಸಿಬಿಟ್ಟರು. ಆ ಸಂಜೆ ನಾನು ಯಾರನ್ನೂ ಕೇಳದೆ ದೊಡ್ಡದಕ್ಕೆ ಪಾಸ್‌ವರ್ಡ್ ಇಟ್ಟೆ. ಮರುದಿನ ನಾನು ಬರುವಾಗ ಮಧ್ಯಾಹ್ನ. ಅಷ್ಟು ಹೊತ್ತು ಅವರು ತಮ್ಮದೇ ಕಂಪ್ಯೂಟರಿನ ಹೊರಗೆ ನಿಂತಿದ್ದರು, ಮಕ್ಕಳು ನಗುತ್ತಿದ್ದರು.

ಮಾಸ್ಟ್ರು ಸಿಟ್ಟು ಬಂದರೆ ತುಳು ಬಿಟ್ಟು ಕನ್ನಡಕ್ಕೆ ಬರುತ್ತಿದ್ದರು, ಶಾಲೆಯಲ್ಲಿ ಬೈದ ಹಾಗೆ. "ಹೇಳಿದಷ್ಟು ಟೈಪ್ ಮಾಡಿದ್ರೆ ಸಾಕಿತ್ತು. ಯಂತ್ರದ ಕೆಲಸ ನಿನ್ನಿಂದ ಆಗ್ಲಿಕ್ಕಿಲ್ಲ. ನಾಳೆಯಿಂದ ಬರಬೇಡ."

ಮತ್ತೆ ನಾನು ಅತ್ತ ಹೋಗಲಿಲ್ಲ. ಬಂಟ್ವಾಳದಲ್ಲಿ ಒಂದು ರಿಪೇರಿ ಅಂಗಡಿ ಸೇರಿದೆ, ಆಮೇಲೆ ನನ್ನದೇ ತೆರೆದೆ. ಒಂದೊಂದು ಯಂತ್ರ ಸರಿಯಾದಾಗಲೂ ಮನಸ್ಸಿನಲ್ಲೇ ಮಾಸ್ಟ್ರ ಮುಖಕ್ಕೆ ಹಿಡಿದು ತೋರಿಸುತ್ತಿದ್ದೆ.

ಆರು ವರ್ಷದ ನಂತರ ಒಂದು ಬೆಳಿಗ್ಗೆ ಅವರ ಫೋನ್ ಬಂತು. ಹಿಂದಿನ ದಿನ ಕಂಪ್ಯೂಟರುಗಳು ಅಪ್‌ಡೇಟ್ ಆಗಿದ್ದವು. ಈಗ ಮೂರು ಸಣ್ಣವುಗಳಲ್ಲೂ ಫೋಲ್ಡರು ತೆರೆಯುತ್ತಿಲ್ಲ, ಪಾಸ್‌ವರ್ಡ್ ಕೇಳುತ್ತದೆ. ಇಲ್ಲದ ಪಾಸ್‌ವರ್ಡನ್ನು ಕೊಡುವುದು ಹೇಗೆ? ನೋಡಲು ಬಂದವನೊಬ್ಬ ಎಲ್ಲ ಅಳಿಸಿ ಹೊಸತಾಗಿ ಹಾಕಬೇಕು ಎಂದಿದ್ದನಂತೆ. ಮಕ್ಕಳು ಪ್ರಾಜೆಕ್ಟು ಕೊಡಲು ಅದೇ ಕೊನೆಯ ದಿನ.

"ನಿನಗೆ ಬರ್ಲಿಕ್ಕೆ ಆಗ್ತದಾ?" ಎಂದು ಕೇಳಿದರು.

"ನೋಡ್ತೇನೆ" ಎಂದೆ.

ಮೊದಲ ಬಸ್ಸನ್ನು ಬೇಕೆಂದೇ ಬಿಟ್ಟೆ. ಮೂಡುಬಿದಿರೆಯಲ್ಲಿ ಇಳಿದವಳು ಅವರಿಗೆ ಕಾಣುವ ಹಾಗೆ ಅಂಗಡಿಯ ಎದುರಿನ ಹೋಟೆಲಿನಲ್ಲಿ ಕೂತು ಒಂದು ಪ್ಲೇಟು ಗೋಳಿಬಜೆ ತಿಂದೆ, ಚಟ್ನಿ ಎರಡು ಸಲ ಹಾಕಿಸಿಕೊಂಡೆ. ಮಾಸ್ಟ್ರು ಬಾಗಿಲಲ್ಲಿ ನಿಂತು ನೋಡುತ್ತಿದ್ದರು, ಕರೆಯಲಿಲ್ಲ. ಅಷ್ಟು ರುಚಿಯ ಗೋಳಿಬಜೆ ನಾನು ಮತ್ತೆ ತಿಂದಿಲ್ಲ.

ರೋಗ ನನಗೆ ಫೋನಿನಲ್ಲೇ ಗೊತ್ತಾಗಿತ್ತು. ಪಾಸ್‌ವರ್ಡ್ ಇಲ್ಲದ ಫೋಲ್ಡರನ್ನು ನಂಬಬಾರದೆಂದು ಹೊಸ ಅಪ್‌ಡೇಟಿನ ನಿಯಮ. ಫೈಲುಗಳೆಲ್ಲ ದೊಡ್ಡ ಕಂಪ್ಯೂಟರಿನಲ್ಲಿ ಸುರಕ್ಷಿತವಾಗಿದ್ದವು. ಅದಕ್ಕೊಂದು ಪಾಸ್‌ವರ್ಡ್ ಇಟ್ಟು, ಅದನ್ನೇ ಉಳಿದ ಮೂರಕ್ಕೆ ಹೇಳಿಕೊಟ್ಟರೆ ಮುಗಿಯಿತು. ಯಾವುದಕ್ಕೆ ನನ್ನನ್ನು ಹೊರಗೆ ಹಾಕಿದ್ದರೋ ಅದೇ ಮದ್ದು.

ದೊಡ್ಡದರಲ್ಲಿ ನಾನೇ ಹೊಡೆದೆ, ಇಂಗ್ಲಿಷ್ ಅಕ್ಷರದಲ್ಲಿ, ನಡುವೆ ಜಾಗ ಬಿಡದೆ: ನಿನ್ನಿಂದಆಗ್ಲಿಕ್ಕಿಲ್ಲ. ಆಮೇಲೆ ಸಣ್ಣದೊಂದರ ಎದುರು ಅವರಿಗೆ ಕುರ್ಚಿ ಎಳೆದುಕೊಟ್ಟೆ. "ಉಳಿದ ಮೂರರಲ್ಲಿ ನೀವೇ ಹೊಡೀರಿ ಮಾಸ್ಟ್ರೇ. ನಾನು ಹೇಳ್ತೇನೆ." ಆ ಮಾತನ್ನು ಮಕ್ಕಳಿಗೆ ಕೇಳುವ ಹಾಗೆಯೇ ಹೇಳಿದೆ. ಎಂದೂ ಕೀಬೋರ್ಡ್ ನೋಡದ ಮನುಷ್ಯ ಅಂದು ಒಂದೊಂದೇ ಗುಂಡಿ ನೋಡಿ ಹೊಡೆದರು. ಫೋಲ್ಡರು ತೆರೆಯಿತು. ನಾನು ಕಾದೆ. ಅವರು ಎದ್ದು ಕೈ ಒರೆಸಿಕೊಂಡು, "ಊಟ ಮಾಡಿ ಹೋಗು" ಎಂದರು, ಅಷ್ಟೇ.

"ಬಸ್ಸುಂಟು" ಎಂದು ಹೊರಟೆ. ದಿನಾ ಬೆಳಿಗ್ಗೆ ದೊಡ್ಡ ಕಂಪ್ಯೂಟರು ಆನ್ ಮಾಡುವಾಗ ಆ ಮಾತನ್ನು ಅವರು ನುಂಗಲೇಬೇಕು ಎಂದು ದಾರಿಯುದ್ದಕ್ಕೂ ಖುಷಿಪಟ್ಟೆ.

ಕಳೆದ ವರ್ಷ ಮಾಸ್ಟ್ರು ತೀರಿಕೊಂಡರು. ಉತ್ತರಕ್ರಿಯೆ ಕಳೆದ ಮೇಲೆ ಹೋದೆ. ದೊಡ್ಡ ಕಂಪ್ಯೂಟರಿನ ಎದುರು ಅವರ ಹೆಂಡತಿ ಕೂತಿದ್ದರು. ಕೀಬೋರ್ಡ್ ನೋಡದೆ ಪಾಸ್‌ವರ್ಡ್ ಹೊಡೆದರು. ಆ ಅಕ್ಕನ ಬೆರಳಲ್ಲಿ ಅದೇ ಮಾತನ್ನು ಕಂಡು ನನಗೆ ನಾಚಿಕೆಯಾಯಿತು.

"ಅಕ್ಕ, ಅದನ್ನು ಬದಲಾಯಿಸಿ ಕೊಡ್ತೇನೆ."

"ಬೇಡ. ಹೊಸತಾಗಿ ಕಲೀಲಿಕ್ಕೆ ಬಂದವರಿಗೆಲ್ಲ ಬೈರಾಸು ಹೊದೆಸಿ ಮೊದಲು ಇದನ್ನೇ ಮೂವತ್ತು ಸಲ ಹೊಡೆಸ್ತಿದ್ರು. ನನಗೂ. ಮುಗಿದ ಮೇಲೆ ಎಲ್ಲರ ಎದುರು ಹೇಳುವುದು, ಇದು ನಾನು ಒಬ್ಬಳಿಗೆ ಹೇಳಿದ ಮಾತು, ನಾನು ಹೇಳಿದ್ದು ತಪ್ಪು ಅಂತ."

"ನನಗೆ ಯಾಕೆ ಹೇಳ್ಲಿಲ್ಲ?"

"ಹೇಳ್ಲಿಕ್ಕೇ ಆ ದಿನ ಊಟಕ್ಕೆ ನಿಲ್ಲು ಅಂದದ್ದು. ಎಲೆ ಹಾಕಿ ಆಗಿತ್ತು. ನೀನು ಬಸ್ಸಿಗೆ ಹೋದಿ."

ಊರಿಗೆಲ್ಲ ಹೇಳಿ ನನಗೊಬ್ಬಳಿಗೆ ಹೇಳದೆ ಹೋದರಲ್ಲ ಎಂದು ಮಾಸ್ಟ್ರ ಮೇಲೆ ನನಗೆ ಈಗಲೂ ಸಿಟ್ಟುಂಟು. ಒಂದು ಫೋನು ಮಾಡಬಹುದಿತ್ತು. ನಾನೂ ಅಂದು ಒಂದು ಬಸ್ಸು ಬಿಡಬಹುದಿತ್ತು, ಬೆಳಿಗ್ಗೆ ಬಿಟ್ಟ ಹಾಗೆ. ಪಾಸ್‌ವರ್ಡನ್ನು ಮುಟ್ಟಲಿಲ್ಲ. ಒಳಗೆ ಹೋಗಿ ಅಕ್ಕ ಹಾಕಿದ ಎಲೆಯ ಎದುರು ಕೂತು ಊಟ ಮಾಡಿದೆ.