ಎಷ್ಟು ಗಂಟೆಯೊಳಗೆ?

ಮೆಲ್ಬರ್ನ್‌ನ ಕ್ರೇಗಿಬರ್ನ್‌ನಲ್ಲಿ ಬಸ್ ಓಡಿಸುವ ವಿಲ್ಫಿ ಒಂದು ಕಾಲಕ್ಕೆ ಸೇನೆಯಲ್ಲಿ ವೈರ್‌ಲೆಸ್ ಹವಾಲ್ದಾರನಾಗಿದ್ದ. ಊರು ಉಡುಪಿ ಹತ್ತಿರದ ಶಿರ್ವ. ಶಾಂತಿಪಾಲನಾ ಪಡೆಯ ಜೊತೆ ಅವನನ್ನು ಆಫ್ರಿಕದ ಒಂದು ದೇಶಕ್ಕೆ ಕಳಿಸಿದ್ದರು. ಉತ್ತರ, ದಕ್ಷಿಣ ಎಂದು ಎರಡಾಗಿ ಒಡೆದು ವರ್ಷಗಟ್ಟಲೆ ಬಡಿದಾಡಿ ಆಗತಾನೇ ರಾಜಿಯಾಗಿದ್ದ ದೇಶ ಅದು.

ರಾಜಿಯ ಪ್ರಕಾರ ಗಡಿಯ ಊರಿನವರು ಬಂದೂಕು ಒಪ್ಪಿಸಬೇಕು. ಯಾರಾದರೂ ಮೇಲೆ ಬಿದ್ದರೆ ಹೊರಗಿನ ದೇಶಗಳು ಕಾಪಾಡುತ್ತವೆ. ಜನ ನಂಬಿ ಒಪ್ಪಿಸಿದರು. ಏಳು ತಿಂಗಳಿಗೆ ದಾಳಿಯಾಯಿತು. ಆ ಬೆಳಿಗ್ಗೆ ಊರ ಪಕ್ಕದ ಪಡೆಯ ಶಿಬಿರದಲ್ಲಿ ವೈರ್‌ಲೆಸ್ ಮುಂದೆ ಕೂತಿದ್ದವನು ವಿಲ್ಫಿ. ನಾಲ್ಕು ಗಂಟೆ ಕಾಲ ಬಿಡದೆ ಮೇಲಧಿಕಾರಿಗಳಲ್ಲಿ ನೆರವು ಕೇಳಿದ. ಬಂದ ಉತ್ತರ ಒಂದೇ: ಸಮಾಲೋಚನೆ ನಡೆಯುತ್ತಿದೆ, ಆದೇಶ ಬರುವವರೆಗೆ ಗೇಟು ತೆಗೆಯಬೇಡಿ.

ಬೇಲಿಯಾಚೆ ಹೆಂಗಸರು ಕೂಸುಗಳನ್ನು ಮುಳ್ಳುತಂತಿಯ ಮೇಲಿಂದ ಎತ್ತಿ ಕೊಡುತ್ತಿದ್ದರು. ವಿಲ್ಫಿ ಹೆಡ್‌ಫೋನ್ ಕಿತ್ತಿಟ್ಟು, ಹೋಗಿ ಗೇಟು ತೆಗೆದ. ಸಾವಿರಕ್ಕೂ ಹೆಚ್ಚು ಜನ ಒಳಗೆ ನುಗ್ಗಿ ಬದುಕಿದರು. ಅಷ್ಟರಲ್ಲಾಗಲೇ ರಸ್ತೆಯುದ್ದಕ್ಕೂ ಹೆಣಗಳಿದ್ದವು. ಆದೇಶ ಮೀರಿದ್ದಕ್ಕೆ ಅವನಿಗೆ ಲಿಖಿತ ಛೀಮಾರಿ ಬಂತು.

ಮುಂದೆ ಹೆಂಡತಿ ಡೊರೊಥಿಯ ನರ್ಸ್ ಕೆಲಸದಿಂದಾಗಿ ಅವನು ಮೆಲ್ಬರ್ನ್ ಸೇರಿದ. ಆ ದೇಶ ಮತ್ತೊಮ್ಮೆ ಹೊತ್ತಿ ಉರಿದು, ಈ ವರ್ಷ ಮತ್ತೆ ಶಾಂತಿಗೆ ಬಂತು. ಆಸ್ಟ್ರೇಲಿಯಾದಲ್ಲಿ ನೆಲೆಸಿದ ಅಲ್ಲಿನ ಜನರಿಂದ ಭದ್ರತಾ ಖಾತರಿಯ ಕರಡಿಗೆ ಒಪ್ಪಿಗೆ ಪಡೆಯಲು ಸಿಡ್ನಿಯಲ್ಲಿ ಸಭೆ ಕರೆದರು. ಅದನ್ನು ಏರ್ಪಡಿಸಿದ ಸಂಸ್ಥೆಯಲ್ಲಿದ್ದ ಮೈಸೂರಿನ ಸುಘೋಷ್, ಕಣ್ಣಾರೆ ಕಂಡವನೆಂದು ವಿಲ್ಫಿಯನ್ನೂ ಕರೆಸಿದ.

ಸಭೆಗೆ ಮೊದಲು ಸಿಡ್ನಿಯ ಹ್ಯಾರಿಸ್ ಪಾರ್ಕ್ ಬಡಾವಣೆಯ ಹೋಟೆಲಿನಲ್ಲಿ ದೋಸೆ ತಿನ್ನುತ್ತಾ ಸುಘೋಷ್ ಮೆಲ್ಲಗೆ ಹೇಳಿದ, "ಸರ್, ಆ ಗೇಟ್ ವಿಷ್ಯ ಮಾತ್ರ ಬೇಡ. ಪಾಸಿಟಿವ್ ಆಗಿ ಎರಡು ಮಾತು ಹೇಳಿ ಸಾಕು."

ವಿಲ್ಫಿ ಕರಡಿನ ಒಂದು ಸಾಲಿನ ಮೇಲೆ ಬೆರಳಿಟ್ಟ. "ದಾಳಿಯಾದ್ರೆ ತಡಮಾಡದೆ ಸಮಾಲೋಚನೆ ಮಾಡ್ತಾರಂತೆ. ತಡಮಾಡದೆ ಅಂದ್ರೆ ಎಷ್ಟು ಗಂಟೆ ಮಾರಾಯ್ರೆ?"

"ಟೈಮ್ ಹಾಕಿದ್ರೆ ಯಾವ ದೇಶಾನೂ ಸೈನ್ ಮಾಡಲ್ಲ ಸರ್."

"ಬಂದೂಕು ಒಪ್ಪಿಸ್ಲಿಕ್ಕೆ ಮೂವತ್ತು ದಿನ ಅಂತ ಬರ್ದಿದ್ದಾರಲ್ಲ. ಅದಕ್ಕೆ ಮಾತ್ರ ಲೆಕ್ಕ ಉಂಟಾ?"

ಸುಘೋಷ್ ಬಿಲ್ಲು ತರಿಸಿದ.

ಸಭಾಂಗಣದ ಬಾಗಿಲಲ್ಲಿ ನಿಂತು ವಿಲ್ಫಿ ಡೊರೊಥಿಗೆ ಫೋನ್ ಮಾಡಿದ. "ಇಷ್ಟು ವರ್ಷ ನನ್ನೊಬ್ಬಳ ಹತ್ರ ಹೇಳಿದ್ದು ಸಾಕು. ಇವತ್ತು ಎಲ್ಲ ಹೇಳಿ ಬನ್ನಿ," ಎಂದಳು ಅವಳು.

ವೇದಿಕೆಯಲ್ಲಿ ಎಲ್ಲವನ್ನೂ ಹೇಳತೊಡಗಿದ. ಐದು ನಿಮಿಷಕ್ಕೇ ಸಭೆಯ ಅಧ್ಯಕ್ಷರು ಸಮಯ ಮುಗಿಯಿತೆಂದರು. ವಿಲ್ಫಿ ಕೂರಲಿಲ್ಲ. ಮೈಕ್ ಬಂದ್ ಮಾಡಿದರು. ಕವಾಯತಿನ ಗಂಟಲು ಅವನದು, ಮೈಕ್ ಬೇಕಾಗಲಿಲ್ಲ. ಯಾರು ಆದೇಶ ಕೊಡುತ್ತಾರೆ, ಎಷ್ಟು ಗಂಟೆಯೊಳಗೆ ಕೊಡುತ್ತಾರೆ ಎಂದು ಬರೆಯದ ಖಾತರಿ ನಂಬಿ ಬಂದೂಕು ಒಪ್ಪಿಸಲು ನಿಮ್ಮ ಊರಿನವರಿಗೆ ಹೇಳಬೇಡಿ ಎಂದ.

ಉತ್ತರದ ಕಡೆಯ ವಯಸ್ಸಾದ ಹೆಂಗಸು ಅಯೆನ್ ಎದ್ದು ನಿಂತು, ಅವರು ಮುಗಿಸಲಿ ಎಂದಳು. ಬೆಳಗಿನಿಂದ ಅವಳ ಮುಖ ನೋಡದೆ ಕೂತಿದ್ದ ದಕ್ಷಿಣದವರೂ ಒಬ್ಬೊಬ್ಬರಾಗಿ ಎದ್ದರು. ಅಧ್ಯಕ್ಷರು ಕಾಗದ ಮಡಚಿಕೊಂಡು ಹೊರಟುಹೋದರು. ಜನ ಹೋಗಲಿಲ್ಲ. ಎರಡೂ ಕಡೆಯವರು ಒಂದೇ ಮೇಜಿನ ಸುತ್ತ ಕೂತು ತಮ್ಮ ಬೇಡಿಕೆ ಬರೆಸಿದರು. ಟೈಪ್ ಮಾಡಿದವನು ಸುಘೋಷ್. "ನನ್ನ ಕೆಲ್ಸ ಹೋದ್ರೆ ಹೋಗ್ಲಿ ಬಿಡಿ ಸರ್," ಎಂದ.

ಆ ಸಂಸ್ಥೆ ವಿಲ್ಫಿಯನ್ನು ಮತ್ತೆ ಕರೆಯಲಿಲ್ಲ. ಆದರೆ ಎರಡು ತಿಂಗಳ ಮೇಲೆ ಹೊಸ ಕರಡು ಬಂದಾಗ ಅಯೆನ್ ಅವನಿಗೇ ಫೋನ್ ಮಾಡಿದಳು. ನೆರವಿನ ಆದೇಶಕ್ಕೆ ಎಪ್ಪತ್ತೆರಡು ಗಂಟೆ ಎಂದು ಬರೆದಿದ್ದರು. ಆಗುವುದಿಲ್ಲ, ವಾಪಸ್ ಕಳಿಸಿ ಎಂದ ವಿಲ್ಫಿ. ಅವರು ಕಳಿಸಿದರು. ಮುಂದಿನ ಕರಡಿನಲ್ಲಿ ಅದು ಹನ್ನೆರಡಕ್ಕೆ ಇಳಿದಿತ್ತು. ಅದಕ್ಕೂ ಎರಡೂ ಕಡೆಯ ಜನ ಇನ್ನೂ ಒಪ್ಪಿಗೆ ಕೊಟ್ಟಿಲ್ಲ.