ಬೇರೊಬ್ಬರ ಎದೆಯಿಂದ ಬಂದದ್ದು

ಬೋರ್ಡಿನ ಮೇಲೆ ಭಾಗಾಕಾರದ ಲೆಕ್ಕ ಬರೆಯುತ್ತಿದ್ದೆ. ಕೈಯಲ್ಲಿ ಸೀಮೆಸುಣ್ಣವಿತ್ತು. ಆಮೇಲೆ ನೆಲ.

ಮಕ್ಕಳು ಮೊದಲು ನಕ್ಕರಂತೆ, ಅಕ್ಕೋರು ಎಡವಿ ಬಿದ್ದರೆಂದು. ಬಾಯಿಂದ ರಕ್ತ ಬಂದದ್ದು ನೋಡಿ ಚೀರಿದರಂತೆ. ನಾನು ಕಣ್ಣು ಬಿಟ್ಟಾಗ ಯಾರೋ ನನ್ನ ಮೂಗಿಗೆ ಚಪ್ಪಲಿ ಹಿಡಿದಿದ್ದರು.

ತುರ್ತು ಪರಿಸ್ಥಿತಿ ಮುಗಿದು, ಇಲೆಕ್ಷನ್ ಗದ್ದಲವೂ ಇಳಿದಿದ್ದ ದಿನಗಳು ಅವು. ನಾನು ಬಿಜಾಪುರ ಜಿಲ್ಲೆಯ ಇಂಡಿ ಊರಿನ ಶಾಲೆಯೊಂದರಲ್ಲಿ ಶಿಕ್ಷಕಿ. ಗಂಡ ಬಜಾರದ ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕಿದ್ದರು. ಮನೆಯಲ್ಲಿ ನಾವಿಬ್ಬರು ಮತ್ತು ಅತ್ತೆ. ಮಕ್ಕಳಾಗಿರಲಿಲ್ಲ. ಅಲ್ಲಿಯವರೆಗೆ ಅತ್ತೆಗೆ ನನ್ನ ಮೇಲಿದ್ದ ದೂರು ಅದೊಂದೇ.

ಮತ್ತೆ ಮತ್ತೆ ಬಿದ್ದೆ. ಒಮ್ಮೆ ಒಲೆಯ ಮೇಲೆಯೇ ಬಿದ್ದು ಮೊಳಕೈ ಸುಟ್ಟುಕೊಂಡೆ. ಫಿಟ್ಸ್ ಎಂದರು. ಮೈಮೇಲೆ ಏನೋ ಬರುತ್ತದೆ ಎಂದರು. ಅತ್ತೆ ಯಾರದೋ ಮಾತು ಕೇಳಿ, ಕಾಯಿಸಿದ ಬಳೆಚೂರಿನಿಂದ ನನ್ನ ಹಣೆಗೆ ಬರೆ ಹಾಕಿಸಿದರು.

ಒದ್ದಾಡದಂತೆ ಗಂಡ ನನ್ನ ಕಾಲು ಒತ್ತಿ ಹಿಡಿದಿದ್ದರು.

ಬಿಜಾಪುರದ ಡಾಕ್ಟರು ಮಣಿಕಟ್ಟಿನ ಮೇಲೆ ಬೆರಳಿಟ್ಟು, ಗಡಿಯಾರ ನೋಡುತ್ತಾ ಬಹಳ ಹೊತ್ತು ಕೂತರು. ಆಮೇಲೆ ಹಣೆಯ ಗಾಯ ನೋಡಿದರು.

"ಹಣಿ ಯಾಕ ಸುಟ್ಟೀರಿ? ರೋಗ ಎದಿಯಾಗೈತಿ."

ಇಸಿಜಿ ತೆಗೆದರು. ಹಾರ್ಟ್ ಬ್ಲಾಕ್. ಹೃದಯದ ಮೇಲಿನ ಭಾಗ ಕೊಟ್ಟ ಸೂಚನೆ ಕೆಳಗಿನ ಭಾಗಕ್ಕೆ ಮುಟ್ಟುವುದಿಲ್ಲ, ಆಗಾಗ ಹೃದಯ ನಿಂತೇ ಬಿಡುತ್ತದೆ ಎಂದು ತಿಳಿಸಿ ಹೇಳಿದರು. ಪೇಸ್‌ಮೇಕರ್ ಕೂಡಿಸಬೇಕು, ಮುಂಬಯಿಗೆ ಹೋಗಿ ಎಂದರು. ಆ ಶಬ್ದವನ್ನು ನಾನು ಅವತ್ತೇ ಮೊದಲು ಕೇಳಿದ್ದು.

ಮುಂಬಯಿಯ ವಾರ್ಡಿನಲ್ಲಿ ತಂತಿಯೊಂದನ್ನು ರಕ್ತನಾಳದೊಳಗೆ ತೂರಿಸಿ, ಮಂಚದ ಬದಿಯ ಪೆಟ್ಟಿಗೆಗೆ ಜೋಡಿಸಿದರು. ಆ ಪೆಟ್ಟಿಗೆ ನನ್ನ ಎದೆಯನ್ನು ಬಡಿಸುತ್ತಿತ್ತು. ಹೊರಳುವ ಹಾಗಿಲ್ಲ. ಹೊಸ ಪೇಸ್‌ಮೇಕರ್ ಪರದೇಶದಿಂದ ಬರಬೇಕು, ಅದು ನಮ್ಮಂಥವರಿಗೆ ಎಟುಕುವ ಸಾಮಾನಲ್ಲ. ಒಂದು ಬೆಳಿಗ್ಗೆ ಡಾಕ್ಟರು ಅಂಗೈ ಮೇಲೆ ಏನನ್ನೋ ಇಟ್ಟುಕೊಂಡು ಬಂದರು. ಸಾಬೂನಿನ ತುಂಡಿನಷ್ಟು ದೊಡ್ಡದು. ಮೈ ತುಂಬ ಗೀರು.

ಡಾಕ್ಟರು ಮರಾಠಿಯವರು. ಚಡಚಣದ ಕಡೆಯ ನರ್ಸೊಬ್ಬಳು ಅವರ ಮಾತನ್ನು ನಮಗೆ ಕನ್ನಡದಲ್ಲಿ ಹೇಳಿದಳು. "ಇದು ತೀರಿಹೋದ ಪೇಷಂಟದ್ದರಿ. ಎದಿಯಿಂದ ತಗದು, ಸ್ವಚ್ಛ ಮಾಡಿ, ಸ್ಟೆರಿಲೈಸ್ ಮಾಡ್ಯಾರ. ತಂತಿ ಹೊಸದು. ಒಬ್ಬರಿಗೆ ಹಾಕಿದ್ದನ್ನ ಇನ್ನೊಬ್ಬರಿಗೆ ಹಾಕಬ್ಯಾಡ್ರಿ, ಬಿಸಾಕ್ರಿ ಅಂತ ಕಂಪನಿಯವರು ಅಂತಾರ. ಇದನ್ನ ಬಿಸಾಕಿದ್ರ ನೀವು ಉಳಿಯೂದಿಲ್ಲ, ಅಂತ ಇವರು ಅನ್ನಾಕತ್ತಾರ."

ನನ್ನ ಗಂಡ ಕೇಳಿದ್ದು ಒಂದೇ ಪ್ರಶ್ನೆ. "ಸತ್ತವರು ಯಾವ ಜನ್ರಿ?"

ನರ್ಸು ಅದನ್ನು ಡಾಕ್ಟರಿಗೆ ಹೇಳಲೇ ಇಲ್ಲ. ಗಂಡ ನನ್ನ ಕಡೆ ತಿರುಗಿ, "ನಿನಗ ಬಿಟ್ಟದ್ದು" ಎಂದು ಹೊರಗೆ ನಡೆದರು.

"ಹಾಕ್ರಿ" ಎಂದೆ.

ಹಾಕಿದರು. ಗಾಯ ಮಾಯಿತು. ಎಡಗಡೆ ಕೊರಳೆಲುಬಿನ ಕೆಳಗೆ ಚರ್ಮ ಉಬ್ಬಿ ಒಂದು ಗಡ್ಡೆಯಂತಾಯಿತು. ನಾನು ಬೀಳುವುದು ನಿಂತಿತು. ಅಂಗಾಲು ಬೆಚ್ಚಗಾದವು, ಅವು ಅಷ್ಟು ದಿನ ತಣ್ಣಗಿದ್ದವೆಂಬುದು ಆಗಲೇ ತಿಳಿದದ್ದು.

ಮನೆಯಲ್ಲಿ ನನಗೆ ಉಣ್ಣಲು ಒಂದು ಬೇರೆ ಗಂಗಾಳ ಕಾದಿತ್ತು.

"ಲಿಂಗದ ಬಾಜೂಕ ಹೆಣದ ಸಾಮಾನು ಇಟಗೊಂಡು ಬಂದಾಳ. ಅಡಿಗಿಮನಿಗೆ ಕಾಲಿಡೂದು ಬ್ಯಾಡ" ಎಂದರು ಅತ್ತೆ. ಎದೆಯ ಮೇಲೆ ಲಿಂಗ ಕಟ್ಟುವ ನಮ್ಮಲ್ಲಿ ಸಾವಿಗೆ ಸೂತಕವಿಲ್ಲ ಎಂದು ಮಕ್ಕಳಿಗೆ ಹೇಳಿಕೊಡುವ ಮನೆ ಅದು. ಪಡಸಾಲೆಯ ಮೂಲೆಯಲ್ಲಿ ನನಗೊಂದು ಚಾಪೆ ಬಿತ್ತು. ಮುಂದೆ ಅತ್ತೆ ಕನ್ನೊಳ್ಳಿಗೆ ಹೋಗಿ ಮಗನಿಗೆಂದು ಒಂದು ಹುಡುಗಿಯನ್ನೂ ನೋಡಿಬಂದರು. ಗಂಡ ಬೇಡ ಎನ್ನಲಿಲ್ಲ. ಬೇಕು ಎಂದೂ ಅನ್ನಲಿಲ್ಲ. ಬಂದು ಉಂಡು, ಮತ್ತೆ ಅಂಗಡಿಗೆ ಹೋಗುತ್ತಿದ್ದರು.

ಆ ದಿನಗಳಲ್ಲೇ ಯಂಕಂಚಿಯಿಂದ ಹುಸೇನಬಿ ಎಂಬವಳು ಬಂದಳು. ಜೊತೆಗೆ ಮಗಳು ಮುಮ್ತಾಜ್, ಇನ್ನೂ ಲಂಗ ಉಡುವ ವಯಸ್ಸು. ಹುಟ್ಟಿನಿಂದಲೇ ನನ್ನದೇ ರೋಗ. ಬಿಜಾಪುರದ ಡಾಕ್ಟರು ನನ್ನ ವಿಷಯ ಹೇಳಿ ಕಳಿಸಿದ್ದರು. ಹುಡುಗಿಯ ತುಟಿ ನೇರಳೆ ಹಣ್ಣು ತಿಂದಂತಿತ್ತು. ಮೆಟ್ಟಿಲು ಹತ್ತಿದ್ದಕ್ಕೇ ಗೋಡೆ ಹಿಡಿದು ನಿಂತಳು.

"ಅಕ್ಕೋರ, ನಿಮಗ ಅದು ಹ್ಯಾಂಗ ಸಿಕ್ಕಿತ್ರಿ?" ಎಂದು ಹುಸೇನಬಿ ಕೇಳಿದಳು.

ಹೇಳಲು ಬಾಯಿ ತೆರೆದಿದ್ದೆ. ಒಳಗಿನಿಂದ ಅತ್ತೆ ಅಂದರು: "ಇಕಿ ಸತ್ತ ಮ್ಯಾಲೆ ಬಾ. ತಗದು ನಿನ್ನ ಮಗಳಿಗೇ ಕೊಡ್ತೀವಿ."

ಹುಡುಗಿ ನನ್ನ ಎದೆ ನೋಡಿದಳು. ಮಕ್ಕಳು ಅಂಗಡಿಯ ಸಾಮಾನು ನೋಡುವ ಹಾಗೆ, ಆಸೆಯಿಂದ. ತಾಯಿ ಅವಳ ಕಣ್ಣಿಗೆ ಸೆರಗು ಅಡ್ಡ ಹಿಡಿದಳು.

ಆ ನೋಟಕ್ಕೆ ನನಗೆ ಸಿಟ್ಟು ಬರಲಿಲ್ಲ. ಭಯವಾಯಿತು. ಒಂದು ವಸ್ತು, ಇಬ್ಬರು ನಾವು. ಅದು ನನ್ನ ಚರ್ಮದೊಳಗಿದೆ ಎನ್ನುವುದಷ್ಟೇ ನನ್ನ ಹಕ್ಕು. ಆಸ್ಪತ್ರೆಯ ದಾರಿ, ವಾರ್ಡು, ಚಡಚಣದ ನರ್ಸಿನ ಗುರುತು ಎಲ್ಲ ಹೇಳಿ ಕಳಿಸಿದೆ. ಅವರು ಮುಂಬಯಿಗೆ ಹೋದರೆಂದು ಬಿಜಾಪುರದಲ್ಲಿ ತಪಾಸಣೆಗೆ ಹೋದಾಗ ತಿಳಿಯಿತು.

ಜೋಳದ ರಾಶಿ ಮುಗಿಯುವ ಹೊತ್ತಿಗೆ ಹುಸೇನಬಿ ಮತ್ತೆ ಬಂದಳು. ಒಬ್ಬಳೇ.

"ಒಂದು ಬಂದಿತ್ರಿ" ಎಂದಳು. "ಹಚ್ಚಿ ನೋಡಿದ್ರ ಅದರ ಬ್ಯಾಟರಿನ ಮುಗದಿತ್ತು. ಇನ್ನೊಂದು ಬರತೈತಿ, ತಡೀರಿ ಅಂದ್ರು. ಇಕಿ ತಡೀಲಿಲ್ಲ."

ಅವಳಿಗೆ ಚಾಪೆಯ ಮೇಲೆ ಜಾಗ ಮಾಡಿ ಕೇಳಿದೆ, "ನನ್ನ ಮ್ಯಾಲೆ ಸಿಟ್ಟು ಐತೇನು?"

"ಐತ್ರಿ. ಸುಳ್ಳು ಯಾಕ ಹೇಳ್ಲಿ? ನೀವು ಎದ್ದು ಬಾಗಲಾ ತಗದದ್ದು ನೋಡಿ ಹೊಟ್ಟಿ ಉರೀತು." ಸೆರಗಿನಿಂದ ಮುಖ ಒರೆಸಿಕೊಂಡಳು. "ಆದ್ರ ಊರಾಗ ಎದಿಯಾಗ ಇಡೂ ಮಶೀನು ಅಂತ ಯಾರ ಮುಂದ ಹೇಳಿದ್ರೂ ಅದೇನಂತ ಯಾರಿಗೂ ತಿಳಿಯೂದಿಲ್ಲ. ಹುಚ್ಚಿ ಅಂತಾರ. ಒಮ್ಮೆ ಮುಟ್ಟಿ ನೋಡ್ಲ್ಯಾ?"

ಕುಪ್ಪಸದ ಅಂಚು ಸರಿಸಿದೆ. ಹುಸೇನಬಿ ಅಂಗೈಯನ್ನು ಪೂರ್ತಿ ಇಟ್ಟಳು. ಒಣಗಿದ, ದಪ್ಪ ಕೈ. ಮುಂಬಯಿಯಿಂದ ಬಂದಮೇಲೆ ಆ ಜಾಗವನ್ನು ನನ್ನ ಗಂಡನೂ ಮುಟ್ಟಿರಲಿಲ್ಲ. ಅವಳು ಅಳಲಿಲ್ಲ. ಉಸಿರು ಬಿಗಿಹಿಡಿದು ಬಡಿತ ಕೇಳುತ್ತಿದ್ದಳು.

"ಇಷ್ಟೇ ಏನ್ರಿ?" ಎಂದಳು.

"ಇಷ್ಟೇ."

ಒಳಗಿನಿಂದ ಅತ್ತೆ, "ಯಾರದು?" ಎಂದರು. ನಾನು ಉತ್ತರ ಕೊಡದೆ ಎದ್ದು ಅಡುಗೆಮನೆಗೆ ನಡೆದೆ. ಅತ್ತೆ ಕೂಗಾಡಿದರು. ಕೂಗಲಿ. ಎರಡು ಗಂಗಾಳದಲ್ಲಿ ರೊಟ್ಟಿ, ಪುಂಡಿಪಲ್ಯ ಹಾಕಿಕೊಂಡು ಬಂದೆ.

ಹುಸೇನಬಿ ಮೊದಲು ಬೇಡವೆಂದಳು. ಬಸ್ಸಿಗೆ ಇನ್ನೂ ಹೊತ್ತಿದೆ ಎಂದೆ. ಗಂಗಾಳ ಹತ್ತಿರ ಎಳೆದುಕೊಂಡು ಮೊದಲ ತುತ್ತು ಮುರಿದಳು. ಆಮೇಲೆ ನಾನೂ ಉಂಡೆ.