ಮೊಲದ ಕಿವಿಗೆ ಭಂಡಾರ

ಚಿಗಟೇರಿಯ ಗಾಳೆಮ್ಮ ಮೈಲಾರದ ಅರಿಶಿನ ಭಂಡಾರವನ್ನು ಹಣೆಗಿಡದೆ ಒಂದು ದಿನವೂ ಕೆಲಸಕ್ಕೆ ಕೈಹಚ್ಚಿದವಳಲ್ಲ. ೧೯೮೨ರಲ್ಲಿ ಅವಳು ಹರಪನಹಳ್ಳಿಯ ಔಷಧ ಪ್ರಯೋಗಾಲಯವೊಂದರಲ್ಲಿ ಮೊಲಗಳನ್ನು ನೋಡಿಕೊಳ್ಳುತ್ತಿದ್ದಳು. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೊಸ ಮದ್ದನ್ನು ಡಾಕ್ಟರು ಮೊಲಗಳಿಗೆ ಕೊಟ್ಟು, ಕಿವಿಯ ಅಪಧಮನಿಗೆ ಸೂಜಿ ಚುಚ್ಚಿ, “ರಕ್ತ ನಿಂತ ಕೂಡಲೆ ಕರಿ” ಎಂದು ಹೋಗುತ್ತಿದ್ದರು. ಮದ್ದು ಫಲಿಸಿದರೆ ರಕ್ತ ಬಹಳ ಹೊತ್ತು ನಿಲ್ಲಬಾರದು; ಗಾಳೆಮ್ಮ ಮಾತ್ರ ಎರಡೇ ನಿಮಿಷಕ್ಕೆ ಕರೆಯುತ್ತಿದ್ದಳು.

ಮೂರು ತಿಂಗಳ ಬಳಿಕ, ಮದ್ದೇ ಸುಳ್ಳೆಂದು ಡಾಕ್ಟರು ಪ್ರಯೋಗ ಕೈಬಿಡಲು ಹೊರಟ ದಿನ, ಮೊಲವೊಂದರ ಹಳದಿ ಕಿವಿ ಅವರ ಕಣ್ಣಿಗೆ ಬಿತ್ತು.

“ಏನವ್ವಾ ಇದು?”

“ಭಂಡಾರ ರೀ. ಹಚ್ಚಿದ್ರ ರಕ್ತ ನಿಲ್ತೈತಿ. ಸುಮ್ನ ನೋಡ್ಕೊಂತ ಕುಂದ್ರಾಕ ಆಗ್ತೈತೇನ್ರಿ?”

ಡಾಕ್ಟರು ಹಣೆ ಚಚ್ಚಿಕೊಂಡರು. “ನಿನ್ನ ಆಫೀಸಿನ ಕೆಲಸಕ್ಕ ಹಾಕಸ್ತೀನಿ ತಾಯಿ. ಅಲ್ಲಿ ಫ್ಯಾನ್ ಐತಿ.”

“ಬ್ಯಾಡ್ರಿ ಸಾಹೇಬ್ರ. ಇನ್ನ ನೀವು ಟೈಮ್ ಬರಕೊಂಡ ಮ್ಯಾಲೆ ಹಚ್ತೀನಿ. ಆ ಫ್ಯಾನಿಗೇನು ಗಾಯ ಆಗಿರತೈತ್ರಿ?”